ಸಿಂಗಾಪುರದಲ್ಲಿ ಐದು ದಿನ: ಅಪ್ಪ-ಆಯಿಗೆ ಏನು ತೋರಿಸಬೇಕು, ಏನು ಬಿಡಬೇಕು?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಗೆ ಅಪ್ಪ-ಆಯಿಯನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋಗುವುದಿದೆ. ಅಷ್ಟರೊಳಗೆ ಅಡಿಕೆ ಕೆಲಸವೂ ಒಂದು ಹಂತಕ್ಕೆ ಬಂದಿರುತ್ತದೆ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಯೂನಿವರ್ಸಲ್ ಸ್ಟುಡಿಯೋಸ್, ಕೇಬಲ್ ಕಾರ್, ಮಾಲ್ ಬಿಟ್ಟರೆ ಬೇರೇನಿಲ್ಲ. ಆಯಿಗೆ ದೇವಸ್ಥಾನ, ಬೇರೆ ಬೇರೆ ಜನರ ಪೂಜೆ-ಪದ್ಧತಿ ನೋಡುವ ಆಸೆ. ಅಪ್ಪನಿಗೆ ಗಿಡ-ಮರ ಇದ್ದರೆ ಸಾಕು. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಸಮತಟ್ಟಿನಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮೀನು, ಮಾಂಸ, ಮೊಟ್ಟೆ ಇಲ್ಲ. ಯಾವ ಜಾಗಕ್ಕೆ ಯಾವ ಹೊತ್ತಿಗೆ ಹೋಗಬೇಕು, ಊಟಕ್ಕೆ ಏನು ಮಾಡಬೇಕು, ಗೊತ್ತಿದ್ದವರು ತಿಳಿಸಿ.

ಸದಾಶಿವಗಡ (ಕಾರವಾರ)

ಆಯಿಯ ಆಸೆಗೆ ಸಿಂಗಾಪುರದಷ್ಟು ಹೊಂದುವ ಊರು ಸಿಗುವುದು ಕಷ್ಟ. ಒಂದೇ ಬೀದಿಯಲ್ಲಿ ನಾಲ್ಕು ಮತದವರ ಗುಡಿಗಳಿವೆ, ಒಂದರ ಬಾಗಿಲಿನಿಂದ ಇನ್ನೊಂದರ ಬಾಗಿಲು ಕಾಣುತ್ತದೆ. ಆದರೆ ಹೊತ್ತು ತಪ್ಪಿದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಅಲ್ಲಿನ ಹಿಂದೂ ದೇವಸ್ಥಾನಗಳು ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 6ರ ಹೊತ್ತಿಗೆ. ಟೂರ್ ಬಸ್ಸಿನವರು ಊಟ ಮುಗಿಸಿ 2 ಗಂಟೆಗೆ ಕರೆದುಕೊಂಡು ಹೋಗುತ್ತಾರೆ, ಜನ ಗೋಪುರದ ಫೋಟೋ ತೆಗೆದು ವಾಪಸಾಗುತ್ತಾರೆ. ಹಾಗಾಗಿ ಹಿಂದೂ ಗುಡಿಗೆ ಬೆಳಿಗ್ಗೆ, ಚೀನೀ ಗುಡಿ ಮತ್ತು ಮ್ಯೂಸಿಯಂಗೆ ಮಧ್ಯಾಹ್ನ ಎಂದು ಇಟ್ಟುಕೊಳ್ಳಿ.

ಮೊದಲ ಬೆಳಿಗ್ಗೆ ವಾಟರ್‌ಲೂ ಸ್ಟ್ರೀಟ್‌ಗೆ ಹೋಗಿ. ಬೂಗಿಸ್ ಮೆಟ್ರೋ ನಿಲ್ದಾಣದಿಂದ ಸಮತಟ್ಟು ದಾರಿ, ಗುಡಿಗಳ ಮುಂದೆ ವಾಹನ ಓಡಾಡುವುದಿಲ್ಲ. ಅಲ್ಲಿನ ಶ್ರೀ ಕೃಷ್ಣನ್ ದೇವಸ್ಥಾನ 1870ರಲ್ಲಿ ಒಂದು ಆಲದ ಮರದ ಬುಡದಲ್ಲಿ ಶುರುವಾದದ್ದು. ಅದರ ಪಕ್ಕದಲ್ಲೇ ಚೀನೀಯರ ಕ್ವಾನ್ ಇಮ್ ದೇವಿಯ ಗುಡಿ. ಅಲ್ಲಿ ಪೂಜೆ ಮುಗಿಸಿದ ಚೀನೀ ಹೆಂಗಸರು ಅದೇ ಊದುಬತ್ತಿ ಹಿಡಿದುಕೊಂಡು ಕೃಷ್ಣನ ಗುಡಿಯ ಬಾಗಿಲಿಗೆ ಬಂದು, ಹೊರಗಿಟ್ಟ ಪಾತ್ರೆಯಲ್ಲಿ ಸಿಕ್ಕಿಸಿ ಕೈಮುಗಿದು ಹೋಗುತ್ತಾರೆ. ಇದು ಯಾವುದೇ ಬೆಳಿಗ್ಗೆ ಕಾಣಸಿಗುವ ನೋಟ, ಹಬ್ಬವೇ ಆಗಬೇಕೆಂದಿಲ್ಲ.

ಕ್ವಾನ್ ಇಮ್ ಗುಡಿಯೊಳಗೆ ಫೋಟೋ ತೆಗೆಯುವಂತಿಲ್ಲ, ಆದರೆ ನಿಂತು ನೋಡಲು ಅಡ್ಡಿಯಿಲ್ಲ. ಜನ ನೆಲದ ಮೇಲೆ ಮಂಡಿಯೂರಿ ಬಿದಿರಿನ ಕೊಳವೆಯೊಂದನ್ನು ಓರೆ ಮಾಡಿ ಅಲುಗಿಸುತ್ತಿರುತ್ತಾರೆ. ಅದರೊಳಗೆ ನಂಬರು ಬರೆದ ಕಡ್ಡಿಗಳಿರುತ್ತವೆ. ಒಂದೇ ಒಂದು ಕಡ್ಡಿ ಹೊರಗೆ ಬೀಳುವವರೆಗೆ ಅಲುಗಿಸಬೇಕು. ಎರಡು ಬಿದ್ದರೆ ಮತ್ತೆ ಮೊದಲಿಂದ. ಆಮೇಲೆ ಅರ್ಧಚಂದ್ರದಂಥ ಎರಡು ಮರದ ತುಂಡು ಎಸೆದು, ಒಂದು ಕವುಚಿ ಒಂದು ಅಂಗಾತ ಬಿದ್ದರೆ ದೇವಿಯ ಒಪ್ಪಿಗೆ ಸಿಕ್ಕಿತು ಎಂದು ಆ ನಂಬರಿನ ಚೀಟಿ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಹೂವಿನ ಪ್ರಸಾದ ಕೇಳುವ ಹಾಗೆಯೇ. ಆಯಿಗೆ ಯಾರೂ ವಿವರಿಸಬೇಕಾಗಿಲ್ಲ. ಅದೇ ಬೀದಿಯಲ್ಲಿ ಇನ್ನೂ ಮುಂದೆ ಯಹೂದಿಗಳ ಮಘೈನ್ ಅಬೋತ್ ಮಂದಿರವಿದೆ, 1878ರದ್ದು. ಮೊದಲೇ ಅನುಮತಿ ಪಡೆಯದೆ ಒಳಗೆ ಬಿಡುವುದಿಲ್ಲ, ಹೊರಗಿಂದ ನೋಡಿ ಸಾಕು.

ಬೂಗಿಸ್‌ನಿಂದ ಆ ಕಡೆ ಹೋದರೆ ಕಾಂಪೊಂಗ್ ಗ್ಲಾಮ್, ಸುಲ್ತಾನ್ ಮಸೀದಿ. ಈಗಿನ ಕಟ್ಟಡ 1932ರಲ್ಲಿ ಮುಗಿದದ್ದು. ಬಂಗಾರ ಬಣ್ಣದ ಗುಮ್ಮಟ ಎಲ್ಲರ ಫೋಟೋದಲ್ಲೂ ಇರುತ್ತದೆ, ಆದರೆ ಅದರ ಬುಡದ ಕಪ್ಪು ಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ. ಅದು ಬಣ್ಣವಲ್ಲ, ಸಾಲಾಗಿ ಜೋಡಿಸಿದ ಗಾಜಿನ ಬಾಟಲಿಗಳ ತಳ. ಹಣ ಕೊಡಲಾಗದ ಬಡವರದೂ ಒಂದು ಪಾಲಿರಲಿ ಎಂದು ಅವರಿಂದ ಬಾಟಲಿ ಸಂಗ್ರಹಿಸಿ ಕೂರಿಸಿದ್ದು. ಬುಸೋರಾ ಸ್ಟ್ರೀಟಿನಲ್ಲಿ ನಿಂತು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ, ಚೆನ್ನಾಗಿ ಕಾಣುತ್ತದೆ. ನಮಾಜಿನ ಹೊತ್ತು ಬಿಟ್ಟು ಬೆಳಿಗ್ಗೆ, ಮಧ್ಯಾಹ್ನ ಎರಡೆರಡು ತಾಸು ಪ್ರವಾಸಿಗರಿಗೆ ಅವಕಾಶವಿದೆ, ಶುಕ್ರವಾರ ಇಲ್ಲ. ಮೈ ಮುಚ್ಚುವ ನಿಲುವಂಗಿ ಅವರೇ ಕೊಡುತ್ತಾರೆ.

ಇನ್ನೊಂದು ಬೆಳಿಗ್ಗೆ ಚೈನಾಟೌನ್. ಸೌತ್ ಬ್ರಿಡ್ಜ್ ರೋಡಿನ ಶ್ರೀ ಮಾರಿಯಮ್ಮನ್ ದೇವಸ್ಥಾನ 1827ರದ್ದು, ಊರಿನ ಅತಿ ಹಳೆಯ ಹಿಂದೂ ಗುಡಿ. ಮಾರಿಕಾಂಬೆಯ ಊರಿನವರಿಗೆ ರೋಗ-ರುಜಿನ ಕಾಯುವ ಈ ದೇವಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳಗೆ ದ್ರೌಪದಿಗೂ ಗುಡಿಯಿದೆ. ದೀಪಾವಳಿಗೆ ಮುಂಚೆ ಕೆಂಡ ಹಾಯುವುದು ಅವಳ ಹೆಸರಿನಲ್ಲಿ. ಅದೇ ರಸ್ತೆಯಲ್ಲಿ ಒಂದು ಕಡೆ ಜಾಮೆ ಮಸೀದಿ, ಇನ್ನೊಂದು ಕಡೆ ಬುದ್ಧನ ದಂತ ದೇವಾಲಯ. ಬುದ್ಧನ ಗುಡಿಯಲ್ಲಿ ಲಿಫ್ಟ್ ಇದೆ, ಪ್ರವೇಶ ಉಚಿತ, ತಾರಸಿಯಲ್ಲಿ ಆರ್ಕಿಡ್ ತೋಟ, ನೆಲಮಾಳಿಗೆಯಲ್ಲಿ ಸಸ್ಯಾಹಾರದ ಊಟ.

ಅಲ್ಲಿಂದ ಹತ್ತು-ಹದಿನೈದು ನಿಮಿಷ ನಡೆದರೆ ತೆಲೊಕ್ ಆಯೆರ್ ಸ್ಟ್ರೀಟ್. ಈಗ ಸುತ್ತಲೂ ಗಗನಚುಂಬಿ ಕಟ್ಟಡಗಳು, ಆದರೆ ಹಿಂದೆ ಸಮುದ್ರದ ದಂಡೆ ಇದೇ ಬೀದಿಯಾಗಿತ್ತು. ಸಮುದ್ರಕ್ಕೆ ಮಣ್ಣು ತುಂಬಿ ದಡವನ್ನು ದೂರ ತಳ್ಳಿದ್ದಾರೆ. ಚೀನಾದಿಂದ ಹಡಗಿನಲ್ಲಿ ಬಂದವರು ಇಳಿದ ಕೂಡಲೇ ಸಮುದ್ರದೇವತೆ ಮಾಜುವಿಗೆ ಹರಕೆ ಒಪ್ಪಿಸುತ್ತಿದ್ದ ಜಾಗದಲ್ಲಿ ಥಿಯಾನ್ ಹಾಕ್ ಕೆಂಗ್ ಗುಡಿ 1842ರ ಹೊತ್ತಿಗೆ ಎದ್ದಿತು. ಅದೇ ಬೀದಿಯಲ್ಲಿ, ತಮಿಳು ಕರಾವಳಿಯಿಂದ ಬಂದ ಮುಸ್ಲಿಮರು 1828-30ರಲ್ಲಿ ಕಟ್ಟಿದ ನಾಗೂರ್ ದರ್ಗಾ. ಕಡಲಿನ ಜನ ಯಾವ ಮತದವರಾದರೂ ದಡ ಮುಟ್ಟಿದ ಮೇಲೆ ಮಾಡುವ ಮೊದಲ ಕೆಲಸ ಒಂದೇ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ನನ್ನ ಪ್ರಕಾರ ಇಡೀ ಊರಿನಲ್ಲಿ ನೋಡಲೇಬೇಕಾದ ಬೀದಿ ಇದು.

ಕಾಡುಮಲ್ಲಿಗೆ (ಯಲ್ಲಾಪುರ)

ಅಪ್ಪನ ವಿಷಯ ನಾನು ಹೇಳುತ್ತೇನೆ. ಬೊಟಾನಿಕ್ ಗಾರ್ಡನ್ಸ್‌ಗೆ ಒಂದು ಪೂರ್ತಿ ಬೆಳಿಗ್ಗೆ ಕೊಡಿ. 1859ರಲ್ಲಿ ಶುರುವಾದ ತೋಟ, 2015ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಬೆಳಗಿನ 5ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ; ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಬೊಟಾನಿಕ್ ಗಾರ್ಡನ್ಸ್ ಎಂಬ ಹೆಸರಿನ ಮೆಟ್ರೋ ನಿಲ್ದಾಣವನ್ನೇ ನಂಬಿ ಇಳಿಯಬೇಡಿ. ಅದು ಉತ್ತರದ ತುದಿ, ಆರ್ಕಿಡ್ ತೋಟಕ್ಕೆ ಬಹಳ ನಡೆಯಬೇಕು. ನೇಪಿಯರ್ ನಿಲ್ದಾಣದಲ್ಲಿ ಇಳಿದರೆ ಟ್ಯಾಂಗ್ಲಿನ್ ಗೇಟು ಹತ್ತಿರ, ಹಳೆಯ ಮರಗಳೂ ಆ ಕಡೆಗೇ ಹೆಚ್ಚು.

ತೋಟಿಗರಿಗೆ ಎರಡು ಜಾಗ ತಪ್ಪಬಾರದು. ಒಂದು ಶುಂಠಿ ಜಾತಿಯ ಗಿಡಗಳ ತೋಟ. ನಮ್ಮ ಏಲಕ್ಕಿ, ಅರಿಶಿನ, ಶುಂಠಿಯ ನೆಂಟರೆಲ್ಲ ಒಂದೇ ಕಡೆ ಸಿಗುತ್ತಾರೆ. ಇನ್ನೊಂದು ಪಾಮ್ ವ್ಯಾಲಿ, ಅಡಿಕೆ-ತೆಂಗಿನ ಕುಲದ ಮರಗಳ ಇಳಿಜಾರು. ಅಂದ ಹಾಗೆ, ಮರ ಸಾಯದಂತೆ ರಬ್ಬರ್ ಹಾಲು ಇಳಿಸುವ ಓರೆಗೀಟಿನ ವಿಧಾನವನ್ನು ಆಗಿನ ನಿರ್ದೇಶಕ ಹೆನ್ರಿ ರಿಡ್ಲಿ ಪಳಗಿಸಿದ್ದು ಇದೇ ತೋಟದಲ್ಲಿ. ರಬ್ಬರ್ ಸಸಿಗಳು ಇಲ್ಲಿಗೆ ಬಂದದ್ದು 1877ರಲ್ಲಿ.

ಗಾರ್ಡನ್ಸ್ ಬೈ ದ ಬೇ ಬಗ್ಗೆ ನನ್ನ ಅಭಿಪ್ರಾಯ: ಸೂಪರ್‌ಟ್ರೀ ಎಂಬ ಮರದಾಕಾರದ ಎತ್ತರದ ಕಟ್ಟಡಗಳ ಬೆಳಕಿನಾಟ ಸಂಜೆ 7.45ಕ್ಕೆ ಮತ್ತು 8.45ಕ್ಕೆ, ಹಣ ಕೊಡಬೇಕಿಲ್ಲ, ಅದನ್ನು ನೋಡಿ. ಗಾಜಿನ ಮನೆಯೊಳಗಿನ 35 ಮೀಟರ್ ಜಲಪಾತಕ್ಕೆ ದುಬಾರಿ ಟಿಕೆಟ್. 116 ಮೀಟರಿನ ಉಂಚಳ್ಳಿ ನೋಡಿದವರಿಗೆ ನೀರಿನಲ್ಲಿ ವಿಶೇಷವೇನಿಲ್ಲ. ಆದರೆ ನಮ್ಮ ಕಡೆ ಬೆಳೆಯದ ಎತ್ತರದ ಬೆಟ್ಟದ ಗಿಡಗಳು, ಹೂಜಿ ಗಿಡಗಳು ಬೇಕೆಂದರೆ ಅಪ್ಪ ನೋಡಲಿ. ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಜಾರಿನಲ್ಲಿ ನಡೆದು ಬರುವುದು, ಮೊಣಕಾಲಿಗೆ ತೊಂದರೆಯಿಲ್ಲ. ಒಳಗೆ ತಂಪು, ಶಾಲು ಇರಲಿ.

ಮ್ಯಾಕ್‌ರಿಚಿ ಕಾಡಿನ ತೂಗುಸೇತುವೆ 250 ಮೀಟರ್ ಉದ್ದ, ಹೆಸರುವಾಸಿ. ಆದರೆ ಸೇತುವೆ ಮುಟ್ಟಲಿಕ್ಕೇ ಕಾಡಿನ ದಾರಿಯಲ್ಲಿ ಬಹಳ ನಡೆಯಬೇಕು, ಏಕಮುಖ ಸಂಚಾರವಾದ್ದರಿಂದ ಅರ್ಧಕ್ಕೆ ಹಿಂದಿರುಗುವಂತಿಲ್ಲ, ಮುಂದೆ ಮೆಟ್ಟಿಲುಗಳು. ನಿಮ್ಮವರಿಗೆ ಬೇಡ. ಬುಕಿಟ್ ತಿಮಾ ಗುಡ್ಡವೂ ಬೇಡ, ಏರು ಕಡಿದಾಗಿದೆ.

ಅದರ ಬದಲು ಸುಂಗೈ ಬುಲೋ. 202 ಹೆಕ್ಟೇರಿನ ಕಾಂಡ್ಲಾ (ಮ್ಯಾಂಗ್ರೋವ್) ವನ, ಸಮತಟ್ಟು ಹಲಗೆ ದಾರಿ, ಉಚಿತ. ಕ್ರಾಂಜಿ ಮೆಟ್ರೋದಿಂದ 925 ನಂಬರ್ ಬಸ್ಸು. ವಲಸೆ ಹಕ್ಕಿಗಳು ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಇರುತ್ತವೆ, ಹಾಗಾಗಿ ನಿಮ್ಮ ಫೆಬ್ರವರಿ ಸರಿಯಾಗಿದೆ. ಉಪ್ಪುನೀರಿನ ಮೊಸಳೆಗಳಿವೆ, ನೀರಿನಂಚಿಗೆ ಇಳಿಯಬೇಡಿ. ಮಂಗಗಳಿಗೆ ತಿಂಡಿ ಹಾಕಿದರೆ ದಂಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅವೇ ಕಸಿಯಲು ಬರುತ್ತವೆ, ಎಲ್ಲವನ್ನೂ ಬೆನ್ನಚೀಲದೊಳಗೆ ಹಾಕಿಡಿ.

ಅಪ್ಪೆಹುಳಿ (ಸಿದ್ದಾಪುರ)

ಊಟಕ್ಕಿಂತ ಮೊದಲು ಬ್ಯಾಗಿನ ವಿಷಯ. ಕವಳದ ಸಂಚಿಯಲ್ಲಿ ಹೊಗೆಸೊಪ್ಪಿನ ಒಂದು ಎಸಳೂ ಇರಬಾರದು. ಜಗಿಯುವ ತಂಬಾಕು, ಗುಟ್ಕಾ, ಖೈನಿ ಒಳಗೆ ತರುವುದೇ ಅಲ್ಲಿ ಅಪರಾಧ, ಸ್ವಲ್ಪವೇ ಇದೆ ಎಂಬ ರಿಯಾಯಿತಿ ಇಲ್ಲ. ಗಸಗಸೆಯೂ ನಿಷೇಧಿತ ವಸ್ತು. ಮನೆಯಿಂದ ಒಯ್ಯುವ ಮಸಾಲೆ ಪುಡಿ, ಪಾಯಸದ ಪುಡಿಯಲ್ಲಿ ಗಸಗಸೆ ಬಿದ್ದಿದೆಯಾ ಎಂದು ಆಯಿಯನ್ನೇ ಕೇಳಿ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ, ಮೂಲ ಸ್ಟ್ರಿಪ್ಪಿನಲ್ಲೇ ಇಡಿ. ಅಲ್ಲಿ ಇಳಿಯುವ ದಿನವೂ ಸೇರಿ ಕೊನೆಯ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರಿ ತಾಣದಲ್ಲಿ ಅದು ಉಚಿತ. ದುಡ್ಡು ಕೇಳುವ ಪುಟ ಬಂದರೆ ಮುಚ್ಚಿಬಿಡಿ. ಇದು ವೀಸಾ ಅಲ್ಲ, ವೀಸಾ ಬೇರೆ ಮಾಡಿಸಬೇಕು.

ಲಿಟಲ್ ಇಂಡಿಯಾದಲ್ಲಿ ಉಳಿದರೆ ಬೆಳಿಗ್ಗೆ-ರಾತ್ರಿಯ ಚಿಂತೆ ಇಲ್ಲ. ಸೆರಂಗೂನ್ ರೋಡಿನ ಕೋಮಲ ವಿಲಾಸ್ 1947ರಿಂದ ಇದೆ; ಇಡ್ಲಿ, ದೋಸೆ, ಊಟ ಎಲ್ಲ ಸಿಗುತ್ತದೆ. ಕಷ್ಟ ಬರುವುದು ಹಾಕರ್ ಸೆಂಟರ್‌ಗಳಲ್ಲಿ, ಅಂದರೆ ಒಂದೇ ಸೂರಿನಡಿ ಹಲವು ಊಟ-ತಿಂಡಿ ಅಂಗಡಿಗಳಿರುವ ಕಡೆ. ಸೊಪ್ಪು-ತರಕಾರಿ ಮಾತ್ರ ಎಂದು ಹೇಳಿದರೂ ಸಾಮಾನ್ಯ ಅಂಗಡಿಯವರು ಕಾಂಗ್‌ಕಾಂಗ್ ಸೊಪ್ಪನ್ನು ಬೆಲಾಚಾನ್ ಹಾಕಿ ಹುರಿಯುತ್ತಾರೆ, ಅದು ಸಿಗಡಿಯಿಂದ ಮಾಡಿದ ಮುದ್ದೆ. ರೊಜಾಕ್ ಎಂಬ ಹಣ್ಣು-ತರಕಾರಿ ಕೋಸಂಬರಿಯ ಕಪ್ಪು ಗೊಜ್ಜು, ಲಕ್ಸಾ ಎಂಬ ಕಾಯಿಹಾಲಿನ ಶ್ಯಾವಿಗೆ ಸಾರಿನ ಮಸಾಲೆಯಲ್ಲೂ ಸಿಗಡಿ. ಬ್ರೆಡ್ಡಿಗೆ ಹಚ್ಚುವ ಕಾಯಾ ನೋಡಲು ಬರೀ ಕಾಯಿಹಾಲು-ಸಕ್ಕರೆಯ ಪಾಕದಂತಿದ್ದರೂ ಅದರಲ್ಲಿ ಮೊಟ್ಟೆಯಿದೆ. ಬೌದ್ಧರ ಸಸ್ಯಾಹಾರಿ ಅಂಗಡಿಗಳನ್ನು ಹುಡುಕಿ. ಅಲ್ಲಿ ಸಾಮಾನ್ಯವಾಗಿ ಈರುಳ್ಳಿ-ಬೆಳ್ಳುಳ್ಳಿಯೂ ಇರುವುದಿಲ್ಲ, ಏಕಾದಶಿ ಹಿಡಿಯುವವರಿಗೂ ಸಮಾಧಾನ. ತಟ್ಟೆಯಲ್ಲಿ ಮೀನು, ಬಾತುಕೋಳಿಯ ಆಕಾರ ಕಂಡರೆ ಹೆದರಬೇಡಿ, ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ್ದು. ಮೊಟ್ಟೆ ಇದೆಯಾ ಎಂದು ಮಾತ್ರ ಕೇಳಿಯೇ ತಿನ್ನಿ.

ತಿಂಡಿಯಲ್ಲಿ ಪುಟು ಪಿರಿಂಗ್ ತಪ್ಪಿಸಬೇಡಿ. ಅಕ್ಕಿಹಿಟ್ಟಿನ ನಡುವೆ ತಾಳೆಬೆಲ್ಲ ಇಟ್ಟು ಹಬೆಯಲ್ಲಿ ಬೇಯಿಸಿ, ಉಪ್ಪು ಬೆರೆಸಿದ ಕಾಯಿತುರಿಯ ಜೊತೆ ಕೊಡುತ್ತಾರೆ. ಒಂದು ನಿಮಿಷ ಆರಲು ಬಿಡಿ, ಒಳಗಿನ ಬೆಲ್ಲ ಕುದಿಯುತ್ತಿರುತ್ತದೆ. ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಎಂದರ್ಥ. ಊಟವಾದ ಮೇಲೆ ತಟ್ಟೆಯನ್ನು ನೀವೇ ಸ್ಟ್ಯಾಂಡಿಗೆ ಒಯ್ದು ಇಡಬೇಕು, 2021ರಿಂದ ಇದು ಕಾನೂನು.

ಮೆಟ್ರೋ-ಬಸ್ಸಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಆದರೆ ತಲೆಗೊಂದು ಕಾರ್ಡ್ ಬೇಕು. ಊರು ಬಿಡುವ ಮೊದಲೇ ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಆನ್ ಮಾಡಿ. ಬಸ್ಸು ಇಳಿಯುವಾಗಲೂ ತಾಗಿಸಬೇಕು, ಮರೆತರೆ ಆ ಬಸ್ಸಿನ ಕೊನೆಯ ನಿಲ್ದಾಣದವರೆಗಿನ ದರ ಕಡಿತವಾಗುತ್ತದೆ.

ತೋಟದಮನೆ (ಶಿರಸಿ)

ಬಹಳ ಉಪಕಾರವಾಯಿತು. ಗಸಗಸೆಯ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ಪುಲಾವ್ ಉಬಿನ್ ದ್ವೀಪ ಹಳೇ ಸಿಂಗಾಪುರದಂತೆ ಉಳಿದಿದೆ ಎಂದು ಓದಿದೆ. ವಯಸ್ಸಾದವರಿಗೆ ಆಗುತ್ತದೆಯೇ?

ಅಘನಾಶಿನಿ (ಕುಮಟಾ)

ಆಗುತ್ತದೆ, ಆದರೆ ಪಂಚಾಂಗ ನೋಡಿ ಹೊರಡಬೇಕು. ಉಬಿನ್‌ನ ಚೆಕ್ ಜಾವಾ ದಂಡೆಯಲ್ಲಿ ನೀರು 0.5 ಮೀಟರ್ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ ಮಾತ್ರ ಮರಳ ಬಯಲು, ಏಡಿ, ನಕ್ಷತ್ರಮೀನು ಕಾಣುವುದು. ಅಂಥ ಇಳಿತ ಬರುವುದು ಅಮಾವಾಸ್ಯೆ-ಹುಣ್ಣಿಮೆಯ ಆಚೀಚೆ. ಗೇಟು ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ. ಇಳಿತ ಆ ಹೊತ್ತಿನೊಳಗೆ ಬೀಳದಿದ್ದರೆ ಹಲಗೆ ದಾರಿಯ ಮೇಲೆ ನಿಂತು ಬರೀ ನೀರು ನೋಡಬೇಕು. ಗಂಟೆ, ಮಟ್ಟ ಎರಡೂ ಸಿಂಗಾಪುರ ಹವಾಮಾನ ಇಲಾಖೆಯ ತಾಣದಲ್ಲಿ ಸಿಗುತ್ತವೆ. ಮೇಲೆ ಹೇಳಿದ ಸುಂಗೈ ಬುಲೋಗೆ ಲೆಕ್ಕ ಉಲ್ಟಾ: ಅಲ್ಲಿ ಉಬ್ಬರದ ಹೊತ್ತಿಗೆ ಹೋಗಿ. ಹೊರಗಿನ ಕೆಸರು ಮುಳುಗಿದಾಗ ಹಕ್ಕಿಗಳೆಲ್ಲ ಒಳಗಿನ ಕೊಳಗಳಿಗೆ ಬಂದು, ಹಕ್ಕಿ ನೋಡಲು ಕಟ್ಟಿದ ಮರೆಮನೆಗಳ ಮುಂದೆಯೇ ಕೂರುತ್ತವೆ.

ಉಬಿನ್‌ನಲ್ಲಿ ಅಪ್ಪ ತಲೆಯೆತ್ತಿ ನೋಡಬೇಕಾದದ್ದು ಮಂಗಟ್ಟೆ. ದಾಂಡೇಲಿಯ ಮಂಗಟ್ಟೆಯ ಹತ್ತಿರದ ನೆಂಟ, ಗಾತ್ರದಲ್ಲಿ ಕೊಂಚ ಚಿಕ್ಕದು. ಸಿಂಗಾಪುರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಹಕ್ಕಿ ಇರಲಿಲ್ಲ. 1994ರಲ್ಲಿ ಉಬಿನ್‌ನಲ್ಲಿ ಮತ್ತೆ ಕಂಡಿತು. ಪೊಟರೆಯಿರುವ ದೊಡ್ಡ ಮರಗಳು ಸಾಲದ್ದರಿಂದ ಮರಕ್ಕೆ ಗೂಡುಪೆಟ್ಟಿಗೆ ಕಟ್ಟಿ ಅದರ ಸಂತತಿ ಬೆಳೆಸಿದರು.

ದೋಣಿ ಚಾಂಗಿ ಪಾಯಿಂಟ್‌ನಿಂದ. ವೇಳಾಪಟ್ಟಿ ಇಲ್ಲ, 12 ಜನ ಸೇರಿದಾಗ ಹೊರಡುತ್ತದೆ. ತಲೆಗೆ 4 ಡಾಲರ್ ಆಸುಪಾಸು, ನಗದು ಒಯ್ಯಿರಿ. ದೋಣಿಯಿಂದ ದಕ್ಕೆಗೆ ಹತ್ತುವಾಗ ಒಂದೆರಡು ಮೆಟ್ಟಿಲು ಅಲುಗಾಡುತ್ತವೆ, ದೋಣಿಯವರು ಕೈ ಕೊಡುತ್ತಾರೆ. ದಕ್ಕೆಯಿಂದ ಚೆಕ್ ಜಾವಾ ಮೂರು ಕಿಲೋಮೀಟರ್ ಹತ್ತಿರ, ಎಲ್ಲರೂ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವ ದಾರಿ. ನೀವು ದಕ್ಕೆಯ ಎದುರು ನಿಲ್ಲುವ ವ್ಯಾನ್ ಮಾತಾಡಿ, ಹೋಗಿ-ಬರುವುದು ಮತ್ತು ಅಲ್ಲಿ ಕಾಯುವುದು ಸೇರಿ ದರ ಮೊದಲೇ ಗೊತ್ತುಮಾಡಿಕೊಳ್ಳಿ. ಶನಿವಾರ-ಭಾನುವಾರ ದೋಣಿ ಬೇಗ ತುಂಬುತ್ತದೆ, ವ್ಯಾನ್ ಸಿಗುವುದು ಕಷ್ಟ. ವಾರದ ದಿನಗಳಲ್ಲಿ ವ್ಯಾನ್ ಸುಲಭ, ದೋಣಿ ತುಂಬುವುದು ತಡ. ಕಾದು ಸಾಕಾದರೆ ಉಳಿದ ಸೀಟುಗಳ ಹಣವನ್ನೂ ನೀವೇ ಕೊಟ್ಟರೆ ತಕ್ಷಣ ಬಿಡುತ್ತಾರೆ.