ಅಪ್‌ಡೇಟ್: ಲ್ಯಾಂಡಿಂಗ್ ಲೈಟ್ ಹಾಕಿದರೆ ಅಮ್ಮೀಟರ್ ಮೈನಸ್‌ಗೆ ಹೋಗುತ್ತಿದ್ದ ವಿಷಯ

ನಮ್ಮ ಹಳೆಯ ಸೆಸ್ನಾ 172ಎನ್ (ಒಂದೇ ಇಂಜಿನ್‌ನ ಸಣ್ಣ ವಿಮಾನ) ರನ್‌ಅಪ್‌ನಲ್ಲಿ (ಹಾರುವ ಮುಂಚೆ ನೆಲದಲ್ಲೇ ಇಂಜಿನ್ ಓಡಿಸಿ ನೋಡುವ ಪರೀಕ್ಷೆ) ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಅಮ್ಮೀಟರ್ ಮುಳ್ಳು ಮೈನಸ್ ಕಡೆ, ಅಂದರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ತೋರಿಸುವ ಕಡೆ, ಹೋಗಿ ಅಲ್ಲೇ ನಿಲ್ಲುತ್ತದೆ, ಹಾರಬಹುದಾ ಅಂತ ಕೇಳಿದ್ದೆ. ಹಾರಲಿಲ್ಲ. ಇಂಜಿನಿಯರ್ ಕೌಲಿಂಗ್ (ಇಂಜಿನ್ ಮೇಲಿನ ಮುಚ್ಚಳ) ತೆಗೆದು ನೋಡಿದರು, ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನ ಬೆಲ್ಟ್ ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ 1700 ಆರ್‌ಪಿಎಂನಲ್ಲಿ ಲೈಟ್ ಹಾಕಿದರೆ ಮುಳ್ಳು ಸ್ವಲ್ಪ ಅಲುಗಾಡಿ, ಮೊದಲಿದ್ದ ಜಾಗದಿಂದ ಹೆಚ್ಚೆಂದರೆ ತನ್ನ ದಪ್ಪದಷ್ಟು ಆಚೀಚೆ ನಿಲ್ಲುತ್ತದೆ. ಹಾಗೇ ಇರಬೇಕು.

ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆಯೇ ಇಂಜಿನ್‌ಗೆ ಕಿಡಿ ಕೊಡುವ ಸಾಧನ) ಇದೆಯಲ್ಲ, ಕರೆಂಟ್ ಹೋದರೂ ಇಂಜಿನ್ ಓಡುತ್ತದೆ ಅಂತ ಕೆಲವರು ಹೇಳಿದ್ದಿರಿ. ನಿಜ. ಆದರೆ ರೇಡಿಯೊ, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ), ರೆಕ್ಕೆಯ ಫ್ಲಾಪ್, ಫ್ಯುಯೆಲ್ ಗೇಜ್ ಎಲ್ಲ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಅಲ್ವಾ? ಬ್ಯಾಟರಿಯೊಂದನ್ನೇ ನಂಬಿಕೊಂಡು ಮೇಲೆ ಹೋಗುವುದು ನನಗಂತೂ ಸರಿ ಅನಿಸುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡಿಸಿ, ಮತ್ತೆ ಚೆಕ್ ಮಾಡಿ ಹಾರಿದೆವು. ಹಾರುವುದು ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.