ಕುಬಸದವರೆಗೆ ಕಾಯುವ ಮಾತಲ್ಲ

ದೊಡ್ಡ ಕಾಕಾ, ಕಲಬುರಗಿ (ಮನೆಮಂದಿಯ ಗುಂಪಿನಲ್ಲಿ, ತಮಗೆ ಬಂದ ಸಂದೇಶವನ್ನು ಹಂಚಿಕೊಂಡಿದ್ದಾರೆ): "ಗರ್ಭಿಣಿಯರ ಗಮನಕ್ಕೆ. ಎಚ್‌ಐವಿ ಕಂಡುಬಂದರೆ ಏಳು ತಿಂಗಳು ತುಂಬುವವರೆಗೆ ಮಾತ್ರೆ ಆರಂಭಿಸಬೇಡಿ. ಮಾತ್ರೆಯ ಉಷ್ಣ ಗರ್ಭಕ್ಕೆ ತಾಗುತ್ತದೆ. ಎಲ್ಲರಿಗೂ ತಲುಪಿಸಿ."

ಸೇಡಂ ಅಕ್ಕ: ಕಾಕಾ, ದಯವಿಟ್ಟು ಇದನ್ನು ಅಳಿಸಿ. ಆಪ್ತ ಸಮಾಲೋಚಕಿಯಾಗಿ ಹನ್ನೆರಡು ವರ್ಷಗಳಿಂದ ಇಂಥ ಗರ್ಭಿಣಿಯರ ಎದುರು ಕುಳಿತಿದ್ದೇನೆ. ಇದನ್ನು ನಂಬಿ ಒಬ್ಬಳು ಮಾತ್ರೆ ಮುಂದೂಡಿದರೂ ಅದರ ಫಲ ಉಣ್ಣುವುದು ಇನ್ನೂ ಹುಟ್ಟದ ಕೂಸು.

ದೊಡ್ಡ ಕಾಕಾ: ಕೆಡುಕು ಬಯಸಿ ಹಾಕಿದ್ದಲ್ಲ, ಮಗಳೇ. ಮೊದಲ ಮೂರು ತಿಂಗಳು ತಲೆನೋವಿನ ಗುಳಿಗೆಯನ್ನೂ ಕೇಳದೆ ನುಂಗಬಾರದೆಂದು ವೈದ್ಯರೇ ಹೇಳುತ್ತಾರೆ. ಮೇಲಾಗಿ, ಹೆರಿಗೆಯ ಹೊತ್ತಿಗೆ ಒಂದು ಗುಳಿಗೆ ಕೊಟ್ಟರೆ ಸಾಕೆಂದು ಹಿಂದೆ ಆಸ್ಪತ್ರೆಯವರೇ ಹೇಳುತ್ತಿದ್ದರಲ್ಲವೇ?

ಸೇಡಂ ಅಕ್ಕ: ಹೇಳುತ್ತಿದ್ದರು. ನೋವು ಬಂದಾಗ ತಾಯಿಗೆ ನೆವಿರಪಿನ್ ಒಂದು ಗುಳಿಗೆ, ಹುಟ್ಟಿದ ಕೂಸಿಗೆ ಒಂದು ಸಲ ಅದರ ದ್ರವ. ಅದರಿಂದ ಅನೇಕ ಮಕ್ಕಳು ಉಳಿದದ್ದು ನಿಜ. ಆದರೆ ತಾಯಿಯ ರೋಗ ಹಾಗೆಯೇ ಉಳಿಯುತ್ತಿತ್ತು, ಎದೆಹಾಲಿನ ಅಪಾಯವೂ ಉಳಿಯುತ್ತಿತ್ತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಮೂರು ಔಷಧಗಳ ಚಿಕಿತ್ಸೆ ಆರಂಭಿಸಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿಯೂ ಈಗ ಎಷ್ಟನೆಯ ತಿಂಗಳಾದರೂ ಸೋಂಕು ತಿಳಿದ ಕೂಡಲೇ ಆರಂಭಿಸುತ್ತಾರೆ, ಜೀವನಪೂರ್ತಿ ಮುಂದುವರಿಸುತ್ತಾರೆ.

ಕೂಸಿಗೆ ತೊಂದರೆಯಾದೀತೆಂಬ ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2018ರಲ್ಲಿ ಬೋಟ್ಸ್ವಾನಾ ದೇಶದ ಅಧ್ಯಯನವೊಂದರಲ್ಲಿ, ಗರ್ಭ ನಿಲ್ಲುವಾಗಲೇ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಸೇವಿಸುತ್ತಿದ್ದ ತಾಯಂದಿರ ಮಕ್ಕಳಲ್ಲಿ ಮೆದುಳು-ಬೆನ್ನುಹುರಿಯ ದೋಷ ಉಳಿದವರಿಗಿಂತ ತುಸು ಹೆಚ್ಚಾಗಿ ಕಂಡು ಎಲ್ಲರಿಗೂ ಆತಂಕವಾಗಿತ್ತು. ಇನ್ನಷ್ಟು ಹೆರಿಗೆಗಳ ಲೆಕ್ಕ ಸೇರಿದಂತೆ ಆ ವ್ಯತ್ಯಾಸ ಕರಗುತ್ತ ಬಂತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧವನ್ನೇ ಮೊದಲ ಆಯ್ಕೆಯೆಂದು ಗರ್ಭಿಣಿಯರಿಗೂ ಶಿಫಾರಸು ಮಾಡಿತು.

ಯಾದಗಿರಿ ಮಾಮಾ: ಏಳರಲ್ಲಿ ಆರಂಭಿಸಿದರೂ ಅದೇ ಮಾತ್ರೆಯಲ್ಲವೇ? ಕೆಲವು ತಿಂಗಳು ತಡವಾದರೆ ಅಷ್ಟು ವ್ಯತ್ಯಾಸವಾಗುತ್ತದೆಯೇ?

ಸೇಡಂ ಅಕ್ಕ: ಆಗುತ್ತದೆ, ಮಾಮಾ. ಮಾತ್ರೆ ನುಂಗಿದ ಮರುದಿನವೇ ರಕ್ತದಲ್ಲಿನ ವೈರಾಣು ಅಡಗುವುದಿಲ್ಲ. ಪತ್ತೆಗೆ ಸಿಗದಷ್ಟು ಇಳಿಯಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕು. ಸೋಂಕು ಕೂಸಿಗೆ ದಾಟುವುದು ಹೆಚ್ಚಾಗಿ ಗರ್ಭದ ಕೊನೆಯ ದಿನಗಳಲ್ಲಿ, ಹೆರಿಗೆಯಲ್ಲಿ ಮತ್ತು ಹಾಲೂಡುವಾಗ. ಆದ್ದರಿಂದ ಆ ಹೊತ್ತಿಗೆ ವೈರಾಣು ಇಳಿದಿರಬೇಕಾದರೆ ಮಾತ್ರೆ ಬಹಳ ಮೊದಲೇ ಹೊಟ್ಟೆಗೆ ಹೋಗಿರಬೇಕು. ಏನೂ ಮಾಡದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸಕಾಲದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ನಾನು ಕಂಡ ಒಬ್ಬ ತಾಯಿ ಮುಂಬೈಗೆ ಗುಳೆ ಹೋಗಿ ಒಂಬತ್ತು ತುಂಬಿದ ಮೇಲೆ ಊರಿಗೆ ಮರಳಿದಳು. ಹೆರಿಗೆ ಕೋಣೆಯಲ್ಲಿಯೇ ಮೊದಲ ಪರೀಕ್ಷೆಯಾಯಿತು. ಸೋಂಕು ತಡೆಯಲು ಕೂಸುಗಳಿಗೆ ಸಾಮಾನ್ಯವಾಗಿ ಆರು ವಾರ ಕೊಡುವ ಔಷಧದ ದ್ರವವನ್ನು ಅವಳ ಕೂಸಿಗೆ ಹನ್ನೆರಡು ವಾರ ಕೊಟ್ಟೆವು. ಆರನೆಯ ವಾರದಿಂದ ಹದಿನೆಂಟನೆಯ ತಿಂಗಳವರೆಗೆ ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ಅವಳು ನಿದ್ದೆಗೆಟ್ಟಳು. ಮಗುವಿಗೆ ಸೋಂಕಿಲ್ಲ. ಆದರೆ ಅಷ್ಟು ದಿನಗಳ ಆ ಭಯವನ್ನು ಮೂರನೆಯ ತಿಂಗಳ ಒಂದು ರಕ್ತಪರೀಕ್ಷೆ ಬಹುಮಟ್ಟಿಗೆ ತಪ್ಪಿಸುತ್ತಿತ್ತು.

ಯಾದಗಿರಿ ಮಾಮಾ: ಹಾಗಾದರೆ ಯಾರಿಗೆ ಸೋಂಕಿದೆಯೆಂದು ಊರ ಹಿರಿಯರಿಗಾದರೂ ತಿಳಿಸಬಾರದೇ? ನಾವೇ ಎಚ್ಚರಿಸಿ ಕಳುಹಿಸುತ್ತೇವೆ.

ಸೇಡಂ ಅಕ್ಕ: ತಿಳಿಸಬಾರದು. ಅವಳ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ; 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಕಾಯ್ದೆಯ ಮಾತು ಬಿಟ್ಟರೂ, ಅಗಸಿಯ ಬಳಿ ತನ್ನ ಹೆಸರು ಆಡಿಕೊಳ್ಳುತ್ತಾರೆಂಬ ಹೆದರಿಕೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ತಡವಾಗಿ ಬರುತ್ತಾರೆ, ಮಾಮಾ.

ಬೀದರ ವೈನಿ: ನಮ್ಮ ಮನೆಗೆಲಸದವಳ ಮಗಳಿಗೆ ಈಗ ನಾಲ್ಕನೆಯ ತಿಂಗಳು. ಗಂಡನೊಡನೆ ಪುಣೆಯಲ್ಲಿದ್ದಾಳೆ. ಕುಬಸಕ್ಕೆ (ಸೀಮಂತಕ್ಕೆ) ಕರೆತಂದ ಮೇಲೆ ಇಲ್ಲಿಯೇ ತಾಯಿ ಕಾರ್ಡ್ ಮಾಡಿಸಿ, ಎಲ್ಲ ಪರೀಕ್ಷೆ ಮಾಡಿಸೋಣವೆಂದು ಅವಳ ಅವ್ವ ಕಾಯುತ್ತಿದ್ದಾಳೆ.

ಸೇಡಂ ಅಕ್ಕ: ಕಾಯುವುದು ಬೇಡ, ವೈನಿ. ಈ ವಾರವೇ ಪುಣೆಯ ಸರಕಾರಿ ಆಸ್ಪತ್ರೆಗೆ ಹೋಗಲಿ. ಎಚ್‌ಐವಿ ಪರೀಕ್ಷೆ ಉಚಿತ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಲಿ. ಗಂಡನೂ ಮಾಡಿಸಿಕೊಂಡರೆ ಒಳ್ಳೆಯದು. ವಿಳಾಸ ತಿಳಿಯದಿದ್ದರೆ 1097ಕ್ಕೆ ಕರೆ ಮಾಡಲಿ. ಸೋಂಕು ಇಲ್ಲವೆಂದು ಬಂದರೆ ನೆಮ್ಮದಿ. ಇದೆಯೆಂದು ಬಂದರೆ ಅಲ್ಲಿಯೇ ಮಾತ್ರೆ ಆರಂಭಿಸಿ, ತವರಿಗೆ ಬರುವಾಗ ಸಾಕಷ್ಟು ಮಾತ್ರೆಯನ್ನೂ ವರ್ಗಾವಣೆ ಪತ್ರವನ್ನೂ ತರಬೇಕು. ತವರಿಗೆ ಬಂದು ಹೋಗುವ ಗದ್ದಲದಲ್ಲಿಯೇ ಮಾತ್ರೆ ತಪ್ಪುವುದನ್ನು ನಾನು ಬಹಳ ಕಂಡಿದ್ದೇನೆ.

ಬೀದರ ವೈನಿ: ಈಗಲೇ ಅವ್ವನಿಗೆ ಹೇಳುತ್ತೇನೆ.

ದೊಡ್ಡ ಕಾಕಾ: ಸಂದೇಶವನ್ನು ಅಳಿಸಿದ್ದೇನೆ, ಮಗಳೇ. ಅದು ನನಗೆ ಬಂದದ್ದು ನಮ್ಮ ನಿವೃತ್ತ ಶಿಕ್ಷಕರ ಗುಂಪಿನಿಂದ. ನೀನು ಬರೆದದ್ದನ್ನು ಅಲ್ಲಿಗೆ ಕಳುಹಿಸಲೇ?

ಸೇಡಂ ಅಕ್ಕ: ಕಳುಹಿಸಿ, ಕಾಕಾ. ಆದರೆ ಮುಂಬೈಯಿಂದ ಬಂದ ತಾಯಿಯ ಮಾತನ್ನು ತೆಗೆದು ಕಳುಹಿಸಿ. ಹೆಸರು ಹೇಳದಿದ್ದರೂ ಅದನ್ನು ಇಲ್ಲಿ ನಾನು ಬರೆಯಬಾರದಿತ್ತು, ನಾನೂ ಅಳಿಸುತ್ತಿದ್ದೇನೆ.