ಯಾವ ಪಕ್ಷಕ್ಕೂ ಸೇರದವರಿಗೆ ಪಕ್ಷದ ಪ್ರೈಮರಿಯಲ್ಲಿ ವೋಟು ಇರಬೇಕಾ, ಬೇಡವಾ?

ಕುವೆಂಪುನಗರದ ಮೇಷ್ಟ್ರು (ಮೈಸೂರು):

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ವಾರದಿಂದ ತಲೆ ಕೊರೆಯುತ್ತಿದೆ, ನಿಮ್ಮ ಅಭಿಪ್ರಾಯ ಬೇಕು.

ನನ್ನ ಮಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಪೌರತ್ವ ಸಿಕ್ಕ ಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸಿದಳು. ಆ ಅರ್ಜಿಯಲ್ಲೇ ನೀವು ಯಾವ ಪಕ್ಷದವರು ಅಂತ ಕೇಳುತ್ತಾರಂತೆ. ಇವಳು ಯಾವುದೂ ಇಲ್ಲ ಅಂತ ಬರೆದಳು. ಆದ್ದರಿಂದ ಈಗ ಪ್ರೈಮರಿ ಬಂದರೆ ಯಾವ ಅಭ್ಯರ್ಥಿಗೂ ವೋಟು ಹಾಕುವ ಹಾಗಿಲ್ಲ.

ಪ್ರೈಮರಿ ಅಂದರೆ ನಮ್ಮಲ್ಲಿ ಟಿಕೆಟ್ ಕೊಡುವುದು ಅಂತೀವಲ್ಲ, ಅದನ್ನು ಅಲ್ಲಿ ಮತದಾರರೇ ವೋಟು ಹಾಕಿ ತೀರ್ಮಾನಿಸುವುದು. ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಫ್ಲೋರಿಡಾದಲ್ಲಿ ಆಯಾ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ವಿಸ್ಕಾನ್ಸಿನ್, ಮಿಷಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾರು ಬೇಕಾದರೂ ಅವತ್ತು ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಹಾಕಬಹುದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷದವರು ತಮ್ಮ ಪಕ್ಷದಲ್ಲೇ ಹಾಕಬೇಕು, ಯಾವ ಪಕ್ಷಕ್ಕೂ ಸೇರದವರು ಡೆಮಾಕ್ರಟಿಕ್, ರಿಪಬ್ಲಿಕನ್ ಈ ಎರಡು ಪಕ್ಷಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ನನ್ನ ಮನಸ್ಸಿಗೆ ಅನ್ನಿಸುವುದು, ಅವಳಿಗೆ ವೋಟು ಇರಬೇಕು. ಆ ಪ್ರೈಮರಿ ನಡೆಸುವುದು ಸರ್ಕಾರ, ಖರ್ಚು ತೆರಿಗೆ ಹಣ, ಆ ತೆರಿಗೆಯನ್ನು ಅವಳೂ ಕಟ್ಟುತ್ತಾಳೆ. ಗ್ಯಾಲಪ್ ಸಂಸ್ಥೆ 2024ರಲ್ಲಿ ಕೇಳಿದಾಗ ಅಲ್ಲಿನ ಜನರಲ್ಲಿ ನೂರಕ್ಕೆ 43 ಮಂದಿ ನಾವು ಯಾವ ಪಕ್ಷದವರೂ ಅಲ್ಲ ಅಂದಿದ್ದಾರೆ. ಅಷ್ಟು ಜನ ಹೀಗೆ ಹೇಳುವ ದೇಶದಲ್ಲಿ ಅಂಥವರನ್ನು ಬಾಗಿಲಲ್ಲೇ ನಿಲ್ಲಿಸುವುದು ಸರಿಯಾ? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್‌ನಲ್ಲಿ ಇದನ್ನು ಹೇಳಿದರೆ ಜೊತೆಗಿದ್ದ ಮೂವರಲ್ಲಿ ಇಬ್ಬರು ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮದ್ದೂರು ಸೀಮೆಯವ:

ಮೇಷ್ಟ್ರೇ, ನಾನು ಒಪ್ಪದವರ ಕಡೆ.

ನಮ್ಮೂರ ಹಾಲಿನ ಸೊಸೈಟಿಯಲ್ಲಿ ನಾನು ಒಂದು ಅವಧಿ ನಿರ್ದೇಶಕನಾಗಿದ್ದೆ. ಅಲ್ಲಿ ವೋಟು ಯಾರಿಗೆ? ಹಾಲು ಹಾಕುವವರಿಗೆ. ಷೇರು ತೆಗೆದುಕೊಂಡು ಮನೆಯಲ್ಲಿ ಕೂತವನಿಗೂ ಇಲ್ಲ, ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿರಲೇಬೇಕು. ಊರಿನವರೆಲ್ಲ ನಮ್ಮವರೇ, ಜಗಳ ಏನಿಲ್ಲ. ಆದರೆ ಮಳೆಯಲ್ಲಿ, ಚಳಿಯಲ್ಲಿ ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಬರುವವನಿಗೆ ಆ ಡೈರಿ ಹಾಳಾದರೆ ಆಗುವ ನಷ್ಟ ದಾರಿಯಲ್ಲಿ ಹೋಗುವವನಿಗೆ ಆಗಲ್ಲ. ಪಕ್ಷವೂ ಹಾಗೇ. ಬಾವುಟ ಕಟ್ಟಿದವರು, ಮನೆಮನೆ ತಿರುಗಿದವರು, ಸೋತಾಗ ಬೈಸಿಕೊಂಡವರು ಬೇರೆ ಇರುತ್ತಾರೆ. ಅಭ್ಯರ್ಥಿ ಯಾರು ಅಂತ ಅವರು ಹೇಳಲಿ. ಹೊರಗಿನವರು ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಬಂದು ಆ ಅಭ್ಯರ್ಥಿ ಬೇಕೋ ಬೇಡವೋ ಹೇಳಲಿ. ಅವರ ವೋಟನ್ನು ಯಾರೂ ಕಿತ್ತುಕೊಂಡಿಲ್ಲವಲ್ಲ.

ಇನ್ನೊಂದು ಭಯ ಇದೆ. ಬಾಗಿಲು ಪೂರ್ತಿ ತೆಗೆದರೆ ಎದುರು ಪಕ್ಷದವರು ಒಳಗೆ ಬಂದು ಸೋಲುವ ಅಭ್ಯರ್ಥಿಗೆ ಹಾಕಬಹುದು. 2008ರಲ್ಲಿ ರಶ್ ಲಿಂಬಾ ಅನ್ನುವ ರೇಡಿಯೋದವರು ರಿಪಬ್ಲಿಕನ್ ಕೇಳುಗರಿಗೆ, ಹೋಗಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್‌ಗೆ ಹಾಕಿ, ಅವರ ಜಗಳ ಇನ್ನಷ್ಟು ದಿನ ಎಳೆಯಲಿ ಅಂತ ಬಹಿರಂಗವಾಗಿ ಕರೆ ಕೊಟ್ಟಿದ್ದರು. ಎಷ್ಟು ಜನ ಕೇಳಿದರು ಅನ್ನುವುದು ಬೇರೆ ಮಾತು, ದಾರಿ ಇತ್ತು ಅನ್ನುವುದು ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷದ ಪ್ರೈಮರಿಯಲ್ಲೂ ಯಾರು ಬೇಕಾದರೂ ಹಾಕಬಹುದು ಅಂತ ಕಾನೂನು ಮಾಡಿದ್ದರು. 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನು ಹೊಡೆದುಹಾಕಿತು. ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಆರಿಸುವುದೇ ಒಂದು ಪಕ್ಷದ ಜೀವ, ಅದನ್ನು ಹೊರಗಿನವರ ಕೈಗೆ ಬಲವಂತವಾಗಿ ಕೊಡಿಸಬೇಡಿ ಅನ್ನುವುದು ಅದರ ಸಾರ. ನನಗೂ ಅದೇ ಸರಿ ಅನ್ನಿಸುತ್ತದೆ.

ಪಾಂಡವಪುರದವಳು:

ಅಣ್ಣ, ನಿಮ್ಮ ಡೈರಿ ಮಾತು ಚೆನ್ನಾಗಿದೆ, ಆದರೆ ಎರಡು ಕಡೆ ಒಪ್ಪಲಾರೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲನೆಯದು, ಎದುರು ಪಕ್ಷದವರು ಬೇರೆ, ಯಾವ ಪಕ್ಷಕ್ಕೂ ಸೇರದವರು ಬೇರೆ. ಮೇಷ್ಟ್ರು ಕೇಳಿದ್ದು ಎರಡನೆಯವರ ಬಗ್ಗೆ, ನೀವು ಹೆದರುತ್ತಿರುವುದು ಮೊದಲನೆಯವರಿಗೆ. ನೀವು ಹೇಳಿದ ಕ್ಯಾಲಿಫೋರ್ನಿಯಾ ಕೇಸಿನಲ್ಲಿ ಪಕ್ಷಗಳಿಗೆ ಬೇಡವಾಗಿತ್ತು, ಕಾನೂನು ಹೇರಿತ್ತು. ಅದಕ್ಕೂ ಮೊದಲು 1986ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಇದಕ್ಕೆ ಉಲ್ಟಾ ಆಗಿತ್ತು. ಅಲ್ಲಿ ರಿಪಬ್ಲಿಕನ್ ಪಕ್ಷವೇ ಯಾವ ಪಕ್ಷದಲ್ಲೂ ಇಲ್ಲದವರು ಬಂದು ನಮ್ಮಲ್ಲಿ ವೋಟು ಹಾಕಲಿ ಅಂತ ಕೇಳಿತು, ರಾಜ್ಯದ ಕಾನೂನು ಅಡ್ಡ ಬಂತು. ಸುಪ್ರೀಂ ಕೋರ್ಟ್ ಆಗ ಪಕ್ಷದ ಪರ ನಿಂತಿತು. 2005ರಲ್ಲಿ ಒಕ್ಲಹೋಮಾ ಕೇಸಿನಲ್ಲಿ, ಬೇರೆ ಪಕ್ಷದಲ್ಲಿ ನೋಂದಾಯಿಸಿಕೊಂಡವರನ್ನು ರಾಜ್ಯ ತಡೆಯಬಹುದು ಅಂದಿತು. ಅಂದರೆ ಕೋರ್ಟಿಗೂ ಈ ಎರಡು ಗುಂಪು ಒಂದೇ ಅಲ್ಲ.

ಎರಡನೆಯದು ನನಗೆ ತುಂಬಾ ಮುಖ್ಯ. ಡೈರಿ ಎಲೆಕ್ಷನ್ ಖರ್ಚು ಸೊಸೈಟಿಯದು. ಡೈರಿ ಅಧ್ಯಕ್ಷರು ಹಾಲು ಹಾಕದವರನ್ನು ಆಳುವುದೂ ಇಲ್ಲ. ಪ್ರೈಮರಿ ಹಾಗಲ್ಲ. ಒಂದೇ ಪಕ್ಷ ಯಾವಾಗಲೂ ಗೆಲ್ಲುವ ಕ್ಷೇತ್ರಗಳು ಅಲ್ಲಿ ಬಹಳ ಇವೆ. ಅಂಥ ಕಡೆ ಆ ಪಕ್ಷದ ಪ್ರೈಮರಿ ಗೆದ್ದವರೇ ಗೆದ್ದ ಹಾಗೆ, ನವೆಂಬರ್‌ನದು ಬರೀ ಶಾಸ್ತ್ರ. ನವೆಂಬರ್‌ನಲ್ಲಿ ಬಂದು ಹಾಕಲಿ ಅಂದರೆ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ನಮ್ಮದು ಖಾಸಗಿ ಸಂಘ, ಯಾರನ್ನು ಸೇರಿಸಿಕೊಳ್ಳುವುದು ನಮ್ಮಿಷ್ಟ ಅನ್ನುವ ಮಾತಿಗೆ ಅಲ್ಲಿ ಒಂದು ಕೆಟ್ಟ ಇತಿಹಾಸವೂ ಇದೆ. ಟೆಕ್ಸಾಸ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷವೇ ಎಲ್ಲಾ ಗೆಲ್ಲುತ್ತಿತ್ತು. ಆ ಪಕ್ಷ ತನ್ನ ಪ್ರೈಮರಿ ಬಿಳಿಯರಿಗೆ ಮಾತ್ರ ಅಂತ ನಿಯಮ ಇಟ್ಟುಕೊಂಡಿತ್ತು. ಕರಿಯರು ನವೆಂಬರ್‌ನಲ್ಲಿ ವೋಟು ಹಾಕಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಎಲ್ಲಾ ತೀರ್ಮಾನ ಆಗಿರುತ್ತಿತ್ತು. ಹ್ಯೂಸ್ಟನ್‌ನ ಹಲ್ಲಿನ ಡಾಕ್ಟರ್ ಲಾನಿ ಸ್ಮಿತ್ ಅವರನ್ನು ಪ್ರೈಮರಿಯಲ್ಲಿ ವೋಟು ಹಾಕಲು ಬಿಡಲಿಲ್ಲ. ಅವರು ಕೋರ್ಟಿಗೆ ಹೋದರು. 1944ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ, ಪ್ರೈಮರಿಯೂ ಚುನಾವಣೆಯ ಭಾಗವೇ, ಖಾಸಗಿ ಸಂಘ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಮೇಷ್ಟ್ರ ಮಗಳ ಕಷ್ಟ ಮತ್ತು ಅವರ ಕಷ್ಟ ಒಂದೇ ಅಂತ ನಾನು ಖಂಡಿತಾ ಹೇಳುತ್ತಿಲ್ಲ. ಚರ್ಮದ ಬಣ್ಣ ಬದಲಾಯಿಸಲು ಆಗಲ್ಲ, ಪಕ್ಷದ ಕಾಲಂ ಬದಲಾಯಿಸಬಹುದು. ಆದರೆ ನಿಜವಾದ ತೀರ್ಮಾನ ಎಲ್ಲಿ ಆಗುತ್ತದೋ ಅಲ್ಲಿ ವೋಟು ಇರಬೇಕು ಅನ್ನುವ ಮಾತು ಎರಡಕ್ಕೂ ಒಂದೇ ಅಲ್ವಾ?

ಬದಲಾಯಿಸಬಹುದು ಅನ್ನುವುದೂ ಅಷ್ಟು ಸುಲಭ ಅಲ್ಲ. 2016ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಪ್ರೈಮರಿ. ಪಕ್ಷ ಬದಲಾಯಿಸಲು ಕೊನೆಯ ದಿನ ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಆ ದಿನ ತಪ್ಪಿಸಿಕೊಂಡು ತಮ್ಮ ಅಪ್ಪನಿಗೇ ಅಲ್ಲಿ ವೋಟು ಹಾಕಲು ಆಗಲಿಲ್ಲ. ನಮ್ಮ ದಕ್ಷಿಣ ಪದವೀಧರರ ಕ್ಷೇತ್ರದಲ್ಲಿ ಪ್ರತಿ ಸಲ ಹೊಸದಾಗಿ ಹೆಸರು ಸೇರಿಸಬೇಕಲ್ಲ, ಕಳೆದ ಸಲ ನಮ್ಮ ಮನೆಯಲ್ಲಿ ಮೂರು ಜನ ಪದವೀಧರರಿದ್ದೂ ಒಬ್ಬರೇ ವೋಟು ಹಾಕಿದ್ದು. ದಿನಾಂಕ ಅನ್ನುವುದು ಎಷ್ಟು ಜನರನ್ನು ಹೊರಗಿಡುತ್ತದೆ ಅಂತ ನಮಗೆ ಗೊತ್ತು.

ಸರಸ್ವತಿಪುರಂ ನಿವಾಸಿ:

ಕ್ಯಾಲಿಫೋರ್ನಿಯಾದಲ್ಲಿ ಹನ್ನೊಂದು ವರ್ಷ ಇದ್ದು ಊರಿಗೆ ವಾಪಸ್ ಬಂದವನು ನಾನು. ಗ್ರೀನ್ ಕಾರ್ಡ್ ಮಾತ್ರ ಇದ್ದದ್ದರಿಂದ ವೋಟು ಇರಲಿಲ್ಲ, ಆದರೆ ಹತ್ತಿರದಿಂದ ನೋಡಿದ್ದೇನೆ.

ಆ ಕೋರ್ಟ್ ತೀರ್ಪಿನ ಮೇಲೆ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2010ರಲ್ಲಿ ಜನಮತ ತೆಗೆದುಕೊಂಡು ಪಕ್ಷದ ಪ್ರೈಮರಿಯನ್ನೇ ತೆಗೆದುಹಾಕಿದರು. ಅಧ್ಯಕ್ಷ ಚುನಾವಣೆಗೆ ಮಾತ್ರ ಹಳೆಯ ಥರ. ಉಳಿದದ್ದಕ್ಕೆಲ್ಲ ಎಲ್ಲ ಪಕ್ಷದ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿ, ಎಲ್ಲ ಮತದಾರರೂ ಹಾಕಬಹುದು, ಹೆಚ್ಚು ಮತ ಪಡೆದ ಇಬ್ಬರು ನವೆಂಬರ್‌ಗೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. 2016ರ ಸೆನೆಟ್ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಎದುರು ನಿಂತ ಲೊರೆಟಾ ಸ್ಯಾಂಚೆಜ್ ಕೂಡ ಡೆಮಾಕ್ರಟ್ ಪಕ್ಷದವರೇ. ರಿಪಬ್ಲಿಕನ್ ಆಗಿದ್ದ ನನ್ನ ಪಕ್ಕದ ಮನೆಯವರು ಆ ವರ್ಷ, ಇಬ್ಬರಲ್ಲಿ ಯಾರು ಪರವಾಗಿಲ್ಲ ಅಂತ ಕೂತು ಯೋಚಿಸಿ ಹಾಕಿದರು. ಅದು ನನಗೆ ಒಳ್ಳೆಯದು ಅನ್ನಿಸಿತ್ತು.

ಆದರೆ ಎಡವಟ್ಟೂ ಆಗುತ್ತದೆ. 2012ರಲ್ಲಿ ಮೊದಲ ಸಲ ಇಡೀ ರಾಜ್ಯದಲ್ಲಿ ಇದನ್ನು ಬಳಸಿದಾಗ ಸ್ಯಾನ್ ಬರ್ನಾಡಿನೋ ಕಡೆಯ 31ನೇ ಕ್ಷೇತ್ರದಲ್ಲಿ ಡೆಮಾಕ್ರಟರು ನಾಲ್ಕು ಜನ ನಿಂತು ವೋಟು ಹಂಚಿಹೋಯಿತು. ಆ ಪಕ್ಷಕ್ಕೆ ಒಲವಿದ್ದ ಕ್ಷೇತ್ರದಲ್ಲಿ ಇಬ್ಬರು ರಿಪಬ್ಲಿಕನ್ನರೇ ಮುಂದಕ್ಕೆ ಹೋದರು. ಇದನ್ನು ತಪ್ಪಿಸಲು ಅಲಾಸ್ಕಾದಲ್ಲಿ 2022ರಿಂದ ಇಬ್ಬರ ಬದಲು ನಾಲ್ವರನ್ನು ಮುಂದಕ್ಕೆ ಕಳಿಸುತ್ತಾರೆ. 2024ರಲ್ಲಿ ಅದನ್ನು ರದ್ದು ಮಾಡಬೇಕು ಅಂತ ಜನಮತಕ್ಕೆ ಹಾಕಿದಾಗ ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ ಉಳಿದುಕೊಂಡಿತು. ಅದೇ ವರ್ಷ ನೆವಾಡಾ, ಅರಿಜೋನಾ, ಕೊಲೊರಾಡೋ, ಐಡಾಹೋದಲ್ಲಿ ಪ್ರೈಮರಿಯನ್ನು ಎಲ್ಲರಿಗೂ ತೆರೆಯುವ ಪ್ರಸ್ತಾಪಗಳು ಸೋತವು. ಜನರೇ ಬೇಡ ಅಂದರು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಮೇಷ್ಟ್ರೇ.

ಮಂಡ್ಯದ ಹುಡುಗ:

ಎಲ್ಲರ ಮಾತೂ ಓದಿದೆ. ನನಗೆ ಹೊಟ್ಟೆ ಉರಿಯುವುದು ಏನಂದರೆ ಅಲ್ಲಿ ಹೊರಗಿನವರಿಗೆ ವೋಟು ಇರಬೇಕಾ ಅಂತ ಚರ್ಚೆ, ಇಲ್ಲಿ ಒಳಗಿನವರಿಗೇ ಇಲ್ಲ. ನಮ್ಮಪ್ಪ ಮೂವತ್ತು ವರ್ಷ ಒಂದು ಪಕ್ಷಕ್ಕೆ ದುಡಿದರು. ಯಾರಿಗೆ ಟಿಕೆಟ್ ಕೊಡಬೇಕು ಅಂತ ಒಂದು ದಿನ ಅವರನ್ನು ಯಾರೂ ಕೇಳಲಿಲ್ಲ. ಬಿ ಫಾರಂ ಯಾರಿಗೆ ಬಂತು ಅಂತ ಟಿವಿಯಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದರು.

ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು. 2014ರ ಲೋಕಸಭೆಗೆ ಕಾಂಗ್ರೆಸ್ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಆದರೆ ವೋಟು ಇದ್ದದ್ದು ಪಕ್ಷದ ಪದಾಧಿಕಾರಿಗಳಂಥವರಿಗೆ, ಸಾಮಾನ್ಯ ಮತದಾರರಿಗಲ್ಲ. ಹಾಗೆ ಗೆದ್ದು ಟಿಕೆಟ್ ಪಡೆದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. ಆ ವರ್ಷದ ಗಾಳಿಯೇ ಬೇರೆ ಇತ್ತು, ಪ್ರೈಮರಿಯಿಂದಲೇ ಸೋತರು ಅನ್ನುವುದು ಅನ್ಯಾಯ.

2019ರಲ್ಲಿ ನಮ್ಮ ಮಂಡ್ಯದಲ್ಲಿ ಆದದ್ದು ನಿಮಗೆಲ್ಲ ಗೊತ್ತು. ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ ಹೋಯಿತು, ಸುಮಲತಾ ಅವರು ಪಕ್ಷೇತರರಾಗಿ ನಿಂತು 1.25 ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ನೀವು ಯಾರ ಪರ ಇದ್ದರೂ ಇರಿ, ಮೇಲೆ ಕೂತು ಮಾಡಿದ ತೀರ್ಮಾನಕ್ಕೂ ಊರಿನ ಮನಸ್ಸಿಗೂ ಎಷ್ಟು ದೂರ ಇತ್ತು ಅಂತ ಅವತ್ತು ಕಂಡಿತು. ಮೊದಲೇ ಜನರನ್ನು ಕೇಳಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. 1985ರಿಂದ ಪಕ್ಷಾಂತರ ನಿಷೇಧ ಕಾನೂನು ಬೇರೆ ಇದೆ. ಗೆದ್ದ ಮೇಲೆ ವಿಪ್ ಮೀರುವ ಹಾಗಿಲ್ಲ. ಟಿಕೆಟ್ ಕೊಟ್ಟವರ ಕೈಯಲ್ಲೇ ಮೂಗುದಾರ. ಹಾಗಾಗಿ ಟಿಕೆಟ್ ಕೊಡುವಾಗ ಜನರ ಮಾತು ನಡೆಯಬೇಕಾದ್ದು ಅಮೆರಿಕಕ್ಕಿಂತ ನಮ್ಮಲ್ಲೇ ಜಾಸ್ತಿ. ಮೊದಲು ಪಕ್ಷದ ಸದಸ್ಯರಿಗೆ ಕೊಡಿ, ಆಮೇಲೆ ಉಳಿದವರ ಮಾತು ಆಡೋಣ ಅಂತ ನನ್ನ ಆಸೆ.

ಕುವೆಂಪುನಗರದ ಮೇಷ್ಟ್ರು (ಮೈಸೂರು):

ಎಲ್ಲರಿಗೂ ಧನ್ಯವಾದ. ಭಾನುವಾರ ಮಗಳ ಜೊತೆ ಮಾತಾಡಿದೆ. ಅವಳ ರಾಜ್ಯದಲ್ಲಿ ಚುನಾವಣೆಗೆ 15 ದಿನ ಮೊದಲಿನವರೆಗೂ ಪಕ್ಷ ಬರೆಸಬಹುದು, ನ್ಯೂಯಾರ್ಕ್‌ನಷ್ಟು ಕಷ್ಟ ಇಲ್ಲ. ಮತ್ತೆ ಯಾಕೆ ಬರೆಸುವುದಿಲ್ಲ ಅಂದೆ. ಮತದಾರರ ಪಟ್ಟಿಯಲ್ಲಿ ಹೆಸರಿನ ಜೊತೆ ಪಕ್ಷವೂ ಇರುತ್ತದೆ, ಆ ಪಟ್ಟಿ ಬೇರೆಯವರಿಗೂ ಸಿಗುತ್ತದೆ, ನನ್ನ ಹತ್ತಿರ ಬರುವ ರೋಗಿಗಳು ಎರಡೂ ಪಕ್ಷದವರು, ಅವರು ನನ್ನನ್ನು ಹಾಗೆ ನೋಡುವುದು ನನಗೆ ಬೇಡ ಅಪ್ಪ ಅಂದಳು. ಇದು ನನಗೆ ಹೊಳೆದೇ ಇರಲಿಲ್ಲ. ಪಕ್ಷ ಸೇರದಿರುವುದು ಸೋಮಾರಿತನ ಅಲ್ಲ, ಅವಳ ಕೆಲಸಕ್ಕೆ ಬೇಕಾದ ನಿಯತ್ತು.

ಮದ್ದೂರಿನವರ ಮಾತಿನಲ್ಲಿ ಅರ್ಧ ಒಪ್ಪಿದೆ. ಎದುರು ಪಕ್ಷದವರು ಬರುವುದು ಬೇಡ. ಆದರೆ ಯಾವ ಕಡೆಗೂ ಇಲ್ಲದವರಿಗೆ ನ್ಯೂ ಹ್ಯಾಂಪ್‌ಶೈರ್ ಥರ ಒಂದು ಕಡೆ ಹಾಕಲು ಬಿಡಬೇಕು. ನಿಮಗೆ ಇದು ಒಪ್ಪಿಗೆಯಾ?

ಮದ್ದೂರು ಸೀಮೆಯವ:

ಮಗಳು ಹೇಳಿದ್ದು ಸರಿ ಇದೆ ಮೇಷ್ಟ್ರೇ, ಅಂಥವರ ಬಗ್ಗೆ ನಾನು ಯೋಚಿಸಿರಲಿಲ್ಲ. ಪಾಂಡವಪುರದ ಅಕ್ಕ ಹೇಳಿದ ಖರ್ಚಿನ ಮಾತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಸದಸ್ಯರಿಗೆ ಮಾತ್ರ ಅನ್ನುವ ಪಕ್ಷ ನಮ್ಮ ಸೊಸೈಟಿ ಥರ ತನ್ನ ದುಡ್ಡಿನಲ್ಲಿ ಎಲೆಕ್ಷನ್ ಮಾಡಿಕೊಳ್ಳಲಿ, ಸರ್ಕಾರದ ದುಡ್ಡು ಬೇಕು ಅಂದರೆ ನೀವು ಹೇಳಿದ ಹಾಗೆ ಇವರನ್ನೂ ಸೇರಿಸಿಕೊಳ್ಳಲಿ. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಪಟ್ಟಿ ಇಲ್ಲದೆ ಯಾರು ಬೇಕಾದರೂ ಬರಲಿ ಅನ್ನುವ ವಿಸ್ಕಾನ್ಸಿನ್ ಪದ್ಧತಿಗೆ ಮಾತ್ರ ಈಗಲೂ ಇಲ್ಲ.